ಪಕ್ಕದಲ್ಲೇ ಇದ್ದೇವೆ

ಮೈಸೂರು ಬಿಟ್ಟು ಚೆನ್ನೈಗೆ ಬಂದ ಮೇಲೆ ನನ್ನ ಕಿವಿಗೆ ಬಿದ್ದು ಅಲ್ಲೇ ಉಳಿದ ಮೊದಲ ತಮಿಳು ಮಾತು ‘ಪಕ್ಕತ್ತುಲ’. 2014ರ ಮೇ ತಿಂಗಳು. ವಳ್ಳುವರ್ ಕೋಟ್ಟಂ ಎದುರು ಎಳನೀರು ಕೊಚ್ಚುತ್ತಿದ್ದ ಹೆಂಗಸನ್ನು ನುಂಗಂಬಾಕ್ಕಂ ರೈಲ್ವೆ ಸ್ಟೇಷನ್ ಎಲ್ಲಿ ಎಂದು ಕೇಳಿದೆ. ಆಕೆ ಮಚ್ಚು ಹಿಡಿದ ಕೈಯನ್ನೇ ಮುಂದಕ್ಕೆ ಚಾಚಿ, ‘ಪಕ್ಕತ್ತುಲ ತಾಮ್ಮಾ’ ಎಂದಳು. ನಮ್ಮ ಕಡೆ ಪಕ್ಕದಲ್ಲೇ ಎಂದರೆ ಗೋಡೆಗೆ ಗೋಡೆ ತಾಗಿರಬೇಕು, ಹೆಚ್ಚೆಂದರೆ ಎರಡು ಅಂಗಡಿ ದಾಟಿದರೆ ಸಿಗಬೇಕು. ಆ ಉರಿಬಿಸಿಲಲ್ಲಿ ನಾನು ಇಪ್ಪತ್ತು ನಿಮಿಷ ನಡೆದೆ.

ಆಕೆ ಸುಳ್ಳು ಹೇಳಿರಲಿಲ್ಲ. ಕನ್ನಡದಲ್ಲಿ ‘ಪಕ್ಕ’ ಮತ್ತು ‘ಹತ್ತಿರ’ ಕೆಲಸ ಹಂಚಿಕೊಂಡಿವೆ. ತಮಿಳಿನ ‘ಪಕ್ಕಂ’ ಅವೆರಡನ್ನೂ ಒಂದೇ ಹೆಗಲ ಮೇಲೆ ಹೊರುತ್ತದೆ. ‘ಅಂದ ಪಕ್ಕಂ, ಇಂದ ಪಕ್ಕಂ’ ಎಂದರೆ ಆ ಕಡೆ, ಈ ಕಡೆ. ಪುಸ್ತಕದ ಪುಟವೂ ಪಕ್ಕಂ. ಆಗ ಎರಡನೇ ತರಗತಿಯಲ್ಲಿದ್ದ ನನ್ನ ಮಗಳು ಶಾಲೆಯಿಂದ ಬಂದು, ‘ಅಮ್ಮಾ, ಹನ್ನೆರಡನೇ ಪಕ್ಕ ತೆಗಿ’ ಎಂದಾಗ ತಿದ್ದಲು ಬಾಯಿ ತೆರೆದವಳು ಸುಮ್ಮನಾದೆ. ಹಾಳೆಗೂ ಎರಡು ಮಗ್ಗುಲು ಇರುತ್ತವಲ್ಲ, ಅವನ್ನು ಪಕ್ಕ ಎಂದರೆ ತಪ್ಪೇನು?

ಪಕ್ಕ ಎನ್ನುವುದು ಸಂಸ್ಕೃತದ ಪಕ್ಷದ ತದ್ಭವ. ಪಕ್ಷ ಎಂದರೆ ರೆಕ್ಕೆ. ರೆಕ್ಕೆ ಇರುವುದು ಮೈಯ ಎರಡು ಬದಿಗೆ, ಹಾಗಾಗಿ ಬದಿಯೂ ಪಕ್ಷವಾಯಿತು. ನಮ್ಮ ಮೈಯ ಬದಿ ಪಕ್ಕೆ, ಅಲ್ಲಿಯ ಎಲುಬು ಪಕ್ಕೆಲುಬು. ರೆಕ್ಕೆಯುಳ್ಳದ್ದು ಹಳಗನ್ನಡದಲ್ಲಿ ಪಕ್ಕಿ. ಈಗ ಅದು ಹಕ್ಕಿ. ಹಳಗನ್ನಡ ನಡುಗನ್ನಡವಾಗುವ ಹೊತ್ತಿಗೆ ನಮ್ಮ ಮಾತಿನ ಮೊದಲಿನ ಪಕಾರಗಳು ಬಹುಮಟ್ಟಿಗೆ ಹಕಾರದತ್ತ ಜಾರಿದವು. ಪಾಲು ಹಾಲಾಯಿತು, ಪಲ್ಲು ಹಲ್ಲಾಯಿತು, ಪಳ್ಳಿ ಹಳ್ಳಿಯಾಯಿತು. ಪಕ್ಕಿ ಹಕ್ಕಿಯಾದರೂ ಅದರ ಒಡಹುಟ್ಟಾದ ಪಕ್ಕ ಮಾತ್ರ ತನ್ನ ಪಕಾರವನ್ನು ಬಿಟ್ಟುಕೊಡಲಿಲ್ಲ. ತಮಿಳು ಇವತ್ತಿಗೂ ಪಾಲ್, ಪಲ್, ಪಳ್ಳಿ ಎನ್ನುತ್ತದೆ. ಕಾಲೇಜಿನಲ್ಲಿ ಹಳಗನ್ನಡ ಓದಿದವರು ಚೆನ್ನೈನ ಯಾವುದಾದರೂ ಬೀದಿಯಲ್ಲಿ ಬೆಳಗ್ಗೆ ಐದೂವರೆಗೆ ನಿಂತರೆ, ಸೈಕಲ್ಲಿನವನು ‘ಪಾಲ್’ ಎಂದು ಕೂಗಿದಾಗ ಪಂಪನ ಕಾಲದ ಸದ್ದು ಕೇಳುತ್ತದೆ. ನನಗಂತೂ ಮೈ ನವಿರೇಳುತ್ತಿತ್ತು.

ನಾವು ಬಂದಿಳಿದದ್ದು ಲೇಕ್ ಏರಿಯಾದ ಒಂದು ಹಳೆಯ ಫ್ಲ್ಯಾಟಿಗೆ, ಮೂರನೇ ಮಹಡಿ, ಲಿಫ್ಟ್ ಇಲ್ಲ. ನನ್ನ ಯಜಮಾನರಿಗೆ ಹ್ಯಾಡೋಸ್ ರಸ್ತೆಯ ಕೇಂದ್ರ ಸರ್ಕಾರಿ ಕಚೇರಿಗೆ ವರ್ಗವಾಗಿತ್ತು. ಮೆಟ್ಟಿಲ ಆಚೆ ಬದಿಯ ಮನೆಯವರನ್ನು ಮೊದಲ ದಿನವೇ ‘ಅಕ್ಕಾ’ ಎಂದೆ. ಅಕ್ಕ ಎರಡೂ ಭಾಷೆಯಲ್ಲಿ ಅಕ್ಕನೇ, ಅದಕ್ಕೆ ಅನುವಾದ ಬೇಕಾಗಲಿಲ್ಲ. ಅವರ ಯಜಮಾನರು ರೈಲ್ವೆಯಲ್ಲಿದ್ದು ನಿವೃತ್ತರಾದವರು, ಮಾತು ಕಡಿಮೆ.

ಒಂದು ಸಂಜೆ ಅಕ್ಕನ ಹತ್ತಿರ, ನುಂಗಂಬಾಕ್ಕಂ ಎಂಬ ಹೆಸರಿನಲ್ಲೂ ನಮ್ಮ ಪಕ್ಕ ಇದೆಯಲ್ಲ ಎಂದೆ. ಅವರು ತಲೆ ಆಡಿಸಿ, ‘ಪಾ... ಪಾಕ್ಕಂ’ ಎಂದು ದೀರ್ಘವನ್ನು ಎಳೆದು ತೋರಿಸಿದರು. ಪಕ್ಕಂ ಬೇರೆ, ಪಾಕ್ಕಂ ಬೇರೆ. ಪಾಕ್ಕಂ ಎಂದರೆ ಕಡಲ ಬದಿಯ ಊರು. ಬರಿಯ ಊರು, ಹಳ್ಳಿ ಎಂಬ ಅರ್ಥವೂ ಉಂಟು. ಕೋಡಂಬಾಕ್ಕಂ, ಮೀನಂಬಾಕ್ಕಂ, ವಿಲ್ಲಿವಾಕ್ಕಂ, ಮೇಡವಾಕ್ಕಂ ಎಲ್ಲವೂ ಆ ಕುಲದವು. ಬ್ರಿಟಿಷರ ಬಾಯಲ್ಲಿ ಸವೆದು ಚೇಪಾಕ್, ಕಿಲ್ಪಾಕ್ ಆದ ಹೆಸರುಗಳ ಬಾಲದಲ್ಲೂ ಇದೇ ಪಾಕ್ಕಂ ಇದೆ. ಕ್ರಿಕೆಟ್ ನೋಡುವವರು ಚೇಪಾಕ್ ಎನ್ನುವಾಗ ಒಂದು ಹಳೆಯ ಹಳ್ಳಿಯ ಹೆಸರು ಹೇಳುತ್ತಿರುತ್ತಾರೆ. ನುಂಗಂಬಾಕ್ಕಂ ಕೂಡ ಹಾಗೆ ಮದರಾಸಿನ ಬದಿಯಲ್ಲಿದ್ದ ಹಳ್ಳಿ. 1708ರಲ್ಲಿ ನವಾಬ ದಾವೂದ್ ಖಾನ್ ಈಸ್ಟ್ ಇಂಡಿಯಾ ಕಂಪನಿಗೆ ಬಿಟ್ಟುಕೊಟ್ಟ ಐದು ಹಳ್ಳಿಗಳಲ್ಲಿ ಇದೂ ಒಂದು. 1792ರಲ್ಲಿ ಕಂಪನಿ ಇಲ್ಲಿ ನಕ್ಷತ್ರ ನೋಡುವ ವೀಕ್ಷಣಾಲಯ ಕಟ್ಟಿತು. ಅದೇ ಆವರಣದಲ್ಲಿ ಈಗ ಹವಾಮಾನ ಕೇಂದ್ರವಿದೆ. ಮಳೆಗಾಲದ ವಾರ್ತೆಯಲ್ಲಿ ‘ನುಂಗಂಬಾಕ್ಕಂನಲ್ಲಿ ಇಷ್ಟು, ಮೀನಂಬಾಕ್ಕಂನಲ್ಲಿ ಇಷ್ಟು’ ಎಂದು ಕೇಳಿಸುವುದು ಅದರಿಂದ.

ದೀರ್ಘದ ಪಾಠವನ್ನು ಒಪ್ಪಿಕೊಂಡೆ. ಆದರೂ ಊರಿಗೆ ಊರೇ ಪಕ್ಕದಲ್ಲಿರುವವರ ಹೆಸರಿನದು ಎಂಬ ನನ್ನ ತಪ್ಪು ತಿಳಿವಳಿಕೆಯ ಮೇಲೆ ನನಗೆ ಪ್ರೀತಿ ಉಳಿದೇ ಇದೆ.

2015ರ ನವೆಂಬರಿನಲ್ಲಿ ನುಂಗಂಬಾಕ್ಕಂನ ಮಳೆಮಾಪಕ 1049 ಮಿಲಿಮೀಟರ್ ಅಳೆಯಿತು. ಅಷ್ಟು ಮಳೆ ನವೆಂಬರಿನಲ್ಲಿ 1918ರ ನಂತರ ಬಿದ್ದಿರಲಿಲ್ಲ. ಡಿಸೆಂಬರ್ 1ರಂದು ಆಕಾಶ ಇನ್ನೊಮ್ಮೆ ಕಳಚಿಬಿತ್ತು. ನಮ್ಮ ಬಡಾವಣೆಗೆ ಲೇಕ್ ಏರಿಯಾ ಎಂದು ಯಾಕೆ ಹೆಸರು ಎಂದು ಆವರೆಗೆ ಯೋಚಿಸಿರಲಿಲ್ಲ. ಕೆರೆ ಮುಚ್ಚಿ ಮನೆ ಕಟ್ಟಿದ ಜಾಗ ಇದು; 1976ರಲ್ಲಿ ಉದ್ಘಾಟನೆಯಾದ ವಳ್ಳುವರ್ ಕೋಟ್ಟಂನ ಕಲ್ಲಿನ ತೇರು ನಿಂತಿರುವುದೂ ಆ ಕೆರೆಯಂಗಳದಲ್ಲೇ. ಹತ್ತಿರದ ಟ್ಯಾಂಕ್ ಬಂಡ್ ರಸ್ತೆಯ ಹೆಸರಿನಲ್ಲಿ ಮಾತ್ರ ಅದರ ಏರಿ ಉಳಿದಿದೆ. (ನಮಗೆ ಏರಿ ಎಂದರೆ ಕೆರೆಯ ಕಟ್ಟೆ. ತಮಿಳರಿಗೆ ಏರಿ ಎಂದರೆ ಕೆರೆಯೇ. ನಾವು ಕಟ್ಟೆಯನ್ನು ಇಟ್ಟುಕೊಂಡೆವು, ಅವರು ನೀರನ್ನು.) ಆ ರಾತ್ರಿ ನೀರು ತನ್ನ ಹಳೆಯ ಜಾಗ ಹುಡುಕಿಕೊಂಡು ಬಂತು. ಬೀದಿಯಲ್ಲಿ ಮೊಣಕಾಲುದ್ದ ನೀರು. ಕರೆಂಟಿಲ್ಲ, ಫೋನು ಸತ್ತಿತ್ತು, ಯಜಮಾನರು ದೆಹಲಿಯಲ್ಲಿದ್ದರು. ಮೈಸೂರಿನಲ್ಲಿ ಅಮ್ಮ ನನ್ನ ನಂಬರಿಗೆ ಸುಮ್ಮನೆ ಒತ್ತುತ್ತಲೇ ಇದ್ದರಂತೆ.

ಬೆಳಗ್ಗೆ ಬಾಗಿಲು ತಟ್ಟಿದ ಸದ್ದು. ಅಕ್ಕ. ‘ಪಾಲ್ ಇರುಕ್ಕಾ?’ ಎಂದರು. ಹಾಲು ಇದೆಯಾ ಎಂದು. ಅವರಿಗೆ ಬೇಕಾಗಿದೆ ಎಂದುಕೊಂಡು, ಇಲ್ಲವಲ್ಲ ಅಕ್ಕಾ ಎಂದೆ, ನಾಚಿಕೆಯಾಯಿತು. ಅವರು ಸೆರಗಿನ ಮರೆಯಿಂದ ಒಂದು ಸ್ಟೀಲ್ ಡಬರಿ ತೆಗೆದರು. ಇದ್ದ ಅರ್ಧ ಲೀಟರಿನ ಪ್ಯಾಕೆಟ್ಟಿನಲ್ಲಿ ಅರ್ಧವನ್ನು ಕಾಯಿಸಿ, ಆರದಂತೆ ಮೇಲೆ ತಟ್ಟೆ ಮುಚ್ಚಿ ತಂದಿದ್ದರು. ಮಗು ಇರುವ ಮನೆ ಅಲ್ಲವಾ ಎಂದು ಅಷ್ಟೇ ಹೇಳಿದರು. ಹೋಗುವಾಗ ಬಾಗಿಲ ಹತ್ತಿರ ತಿರುಗಿ, ‘ಪಕ್ಕತ್ತುಲ ತಾನೇ ಇರುಕ್ಕೋಂ’ ಎಂದರು. ಪಕ್ಕದಲ್ಲೇ ತಾನೇ ಇದ್ದೇವೆ. ಆ ನಾಲ್ಕು ದಿನ ನಾವು ಎರಡು ಮನೆಯವರು ಒಂದೇ ಒಲೆಯಲ್ಲಿ ಉಂಡೆವು, ಅವರ ಸಿಲಿಂಡರ್ ಮುಗಿದ ಮೇಲೆ ನಮ್ಮದು. ನಾನು ಮಾಡಿದ ಹುಳಿಯನ್ನು ಅವರು ಕುಳಂಬು ಎಂದು ಕರೆದು ಎರಡನೇ ಸಲ ಬಡಿಸಿಕೊಂಡರು.

‘ಅಕ್ಕಪಕ್ಕ’ ನಮ್ಮಲ್ಲಿ ಎಷ್ಟು ಬಳಕೆಯೋ ‘ಅಕ್ಕಂ ಪಕ್ಕಂ’ ಅವರಲ್ಲಿ ಅಷ್ಟೇ ಬಳಕೆ. ಈ ಜೋಡಿಮಾತಿನ ಅಕ್ಕನಿಗೂ ಒಡಹುಟ್ಟಿದ ಅಕ್ಕನಿಗೂ ಸಂಬಂಧವಿಲ್ಲ, ಪಕ್ಕದ ಜೊತೆಗೆ ಪ್ರಾಸವಾಗಿ ಬಂದದ್ದು ಎಂದು ಗೊತ್ತು. ಡಿಸೆಂಬರಿನ ಆ ವಾರದ ನಂತರ ನನಗೆ ಆ ವಿವರಣೆ ಸಾಲುವುದಿಲ್ಲ.

ಮರುವರ್ಷ ಪಕ್ಕದ ಇನ್ನೊಂದು ಮುಖ ಕಂಡೆ. ಪಕ್ಕ ತದ್ಭವವಾಗಿ ನೆಲಕ್ಕಿಳಿದು ಮನೆ ಕಟ್ಟಿಕೊಂಡಿತು. ತತ್ಸಮ ಪಕ್ಷ ಮಾತ್ರ ಸಭೆ, ಚುನಾವಣೆ, ಕೋರ್ಟು ಎಂದು ಅಲೆಯಿತು. ಪಕ್ಷ ವಹಿಸು, ಪಕ್ಷಪಾತ, ಪ್ರತಿಪಕ್ಷ, ಪಕ್ಷಾಂತರ. ಒಂದೇ ಹೊಟ್ಟೆಯ ಈ ಎರಡು ಮಾತುಗಳಲ್ಲಿ ಒಂದು ನಿನ್ನ ಬದಿಯಲ್ಲಿ ಯಾರಿದ್ದಾರೆ ಎನ್ನುತ್ತದೆ, ಇನ್ನೊಂದು ನೀನು ಯಾರ ಬದಿಗೆ ಎನ್ನುತ್ತದೆ. ಬೇರೆ ರಾಜ್ಯದಲ್ಲಿ ಬದುಕುವವರಿಗೆ ಎರಡನೆಯ ಪ್ರಶ್ನೆ ಎಷ್ಟು ಭಾರ ಎಂಬುದು 2016ರ ಸೆಪ್ಟೆಂಬರಿನಲ್ಲಿ ಗೊತ್ತಾಯಿತು. ಕಾವೇರಿ ನೀರು ಬಿಡಬೇಕೆಂದು ಸುಪ್ರೀಂ ಕೋರ್ಟ್ ಆದೇಶಿಸಿತ್ತು. 12ರ ನಸುಕಿನಲ್ಲಿ ಮೈಲಾಪುರದ ನ್ಯೂ ವುಡ್‌ಲ್ಯಾಂಡ್ಸ್ ಹೋಟೆಲಿನ ಮೇಲೆ ದಾಳಿಯಾಯಿತು. ಉಡುಪಿ ಸೀಮೆಯಿಂದ ಬರಿಗೈಯಲ್ಲಿ ಬಂದ ಕೃಷ್ಣರಾಯರು 1938ರಲ್ಲಿ ರಾಯಪೇಟೆಯಲ್ಲಿ ವುಡ್‌ಲ್ಯಾಂಡ್ಸ್ ಎಂದು ಆರಂಭಿಸಿ ಮದರಾಸಿಗೆ ದೋಸೆ ಕಾಫಿ ಉಣಿಸಿದ ಹೆಸರು ಅದು. ಅದೇ ದಿನ ಬೆಂಗಳೂರಿನಲ್ಲಿ ತಮಿಳುನಾಡು ನೋಂದಣಿಯ ಬಸ್ಸುಗಳು ಹತ್ತಿ ಉರಿದವು. ಟಿವಿಯಲ್ಲಿ ಆ ಬೆಂಕಿ ನೋಡಿ ನಾನು ಅತ್ತೆ.

ನಮ್ಮ ಕಾರು ಕೆಳಗೆ ನಿಂತಿತ್ತು, ಕೆಎ 09, ಮೈಸೂರಿನ ನಂಬರು. ಸಂಜೆ ಬಾಲ್ಕನಿಯಿಂದ ನೋಡಿದರೆ ಕಾರಿಗೆ ಹಸಿರು ಹೊದಿಕೆ. ಅಕ್ಕನ ಯಜಮಾನರು ತಮ್ಮ ಕಾರಿನ ಹೊದಿಕೆ ತೆಗೆದು ನಮ್ಮದಕ್ಕೆ ಹಾಕಿ, ಮುಂದಿನ ನಂಬರ್ ಪ್ಲೇಟಿಗೆ ತಾಗುವಂತೆ ತಮ್ಮ ಕಾರನ್ನು ಅಡ್ಡ ನಿಲ್ಲಿಸಿದ್ದರು. ಯಾರ ಪಕ್ಷ ಸರಿ ಎಂದು ಅವರೂ ಮಾತಾಡಲಿಲ್ಲ, ನಾವೂ ಕೇಳಲಿಲ್ಲ. ಹತ್ತು ದಿನ ಅವರ ಕಾರು ಬಿಸಿಲು ಮಳೆಯಲ್ಲಿ ಬರಿಮೈಯಲ್ಲಿ ನಿಂತಿತು.

ನೀರಿನ ವಿಚಾರ ಬಂದಾಗಲೆಲ್ಲ ನನಗೆ ಒಂದು ಸಂಗತಿ ನೆನಪಾಗುತ್ತದೆ. ಕಾವೇರಿ, ಕೊಳ್ಳಿಡಂ ಹೊಳೆಗಳ ನೀರಿನಿಂದ ತುಂಬುವ ವೀರಾಣಂ ಕೆರೆಯಿಂದ 2004ರಲ್ಲಿ ಚೆನ್ನೈಗೆ ಕೊಳವೆ ಹಾಕಿದರು, ಇನ್ನೂರು ಕಿಲೋಮೀಟರಿಗೂ ಮಿಕ್ಕ ದಾರಿ. ಮೈಸೂರಿನಲ್ಲಿ ಕುಡಿದು ಬೆಳೆದ ಹೊಳೆಯೇ ಇಲ್ಲಿಗೂ ಬಂದಿದೆ.

2016ರ ಮಾರ್ಗಳಿಯಲ್ಲಿ, ಅಂದರೆ ನಮ್ಮ ಧನುರ್ಮಾಸದಲ್ಲಿ, ಅಕ್ಕ ನನ್ನನ್ನು ಟಿ. ನಗರದ ವಾಣಿ ಮಹಲಿಗೆ ಕರೆದುಕೊಂಡು ಹೋದರು. ಬಾಗಿಲಲ್ಲಿ ಅಂಟಿಸಿದ ಪಟ್ಟಿಯಲ್ಲಿ ಹಾಡುಗಾರರ ಹೆಸರಿನ ಕೆಳಗೆ ‘ಪಕ್ಕವಾದ್ಯಂ’ ಎಂದಿತ್ತು, ಅದರ ಮುಂದೆ ಪಿಟೀಲು, ಮೃದಂಗ, ಘಟ ನುಡಿಸುವವರ ಹೆಸರುಗಳು. ಪಕ್ಕ ಎಂಬ ಮಾತಿಗೆ ಇದಕ್ಕಿಂತ ಗೌರವದ ಕೆಲಸ ಎರಡು ಭಾಷೆಯಲ್ಲೂ ಇಲ್ಲ. ಪಕ್ಕವಾದ್ಯ ಅಡಿಯಾಳಲ್ಲ. ಹಾಡುವವರು ಹತ್ತಿದಲ್ಲಿಗೆ ಹತ್ತಿ, ನಿಂತಲ್ಲಿ ನೆಲ ಕೊಟ್ಟು, ಅವರು ಉಸಿರು ತೆಗೆದುಕೊಳ್ಳುವಾಗ ರಾಗ ಬೀಳದಂತೆ ಹಿಡಿಯುವುದು ಅದರ ಕೆಲಸ. ಈ ಕೆಲಸವನ್ನು ಮದರಾಸಿಗೆ ಕಲಿಸಿಕೊಟ್ಟವರಲ್ಲಿ ನಮ್ಮ ಟಿ. ಚೌಡಯ್ಯನವರು ದೊಡ್ಡವರು. ತಿರುಮಕೂಡಲು ನರಸೀಪುರದ ಕಡೆಯವರು, ಬಿಡಾರಂ ಕೃಷ್ಣಪ್ಪನವರ ಶಿಷ್ಯರು. ಮೈಕು ಇಲ್ಲದ ಕಾಲದಲ್ಲಿ ಪಿಟೀಲಿನ ಸದ್ದು ಸಭೆಯ ಕೊನೆಯ ಸಾಲಿಗೆ ಮುಟ್ಟಲೆಂದು ನಾಲ್ಕು ತಂತಿಗೆ ಮೂರು ಸೇರಿಸಿ ಏಳು ಮಾಡಿಕೊಂಡವರು. ಅರಿಯಕ್ಕುಡಿ, ಚೆಂಬೈ ಅಂಥ ಘಟಾನುಘಟಿಗಳ ಪಕ್ಕದಲ್ಲಿ ಕುಳಿತು ನುಡಿಸಿದ ಅವರಿಗೆ 1957ರಲ್ಲಿ ಮದರಾಸು ಸಂಗೀತ ಅಕಾಡೆಮಿ ಸಂಗೀತ ಕಲಾನಿಧಿ ಬಿರುದು ಕೊಟ್ಟಿತು. ಪಕ್ಕದಲ್ಲಿ ಕೂತವರನ್ನು ಕರೆದು ನಡುವೆ ಕೂರಿಸಿದ ಆ ವರ್ಷದ ಮದರಾಸನ್ನು ನಾನು ಕೈಮುಗಿದು ನೆನೆಯುತ್ತೇನೆ.

ಕಚೇರಿಯ ಕೊನೆಗೆ ಪುರಂದರದಾಸರ ಪದ ಬಂತು. ಕಾವೇರಿಯ ಗಲಾಟೆ ಮುಗಿದು ಮೂರು ತಿಂಗಳಾಗಿತ್ತು. ಸಭೆಯಲ್ಲಿ ಕನ್ನಡ ಬಲ್ಲವರು ಎಷ್ಟು ಜನವೋ, ತಾಳ ಹಾಕುತ್ತಿದ್ದವರು ಎಲ್ಲರೂ. ಅಕ್ಕ ಕಣ್ಣು ಮುಚ್ಚಿಕೊಂಡು ನನ್ನ ತೊಡೆಯ ಮೇಲೆಯೇ ತಾಳ ಹಾಕುತ್ತಿದ್ದರು. ಹಾಡು ಮುಗಿದ ಮೇಲೆ ಅರ್ಥ ಕೇಳಿದರು. ಮನೆಗೆ ಬರುವವರೆಗೂ ಆಟೋದಲ್ಲಿ ಹೇಳುತ್ತಾ ಬಂದೆ.

ಈಗ ಅಕ್ಕನ ಮಗಳಿಗೆ ಬೆಂಗಳೂರಿನಲ್ಲಿ ಕೆಲಸ. ಹೂಡಿಯ ಕಡೆ ಒಂದು ಅಪಾರ್ಟ್‌ಮೆಂಟಿನ ಎಂಟನೇ ಮಹಡಿಯಲ್ಲಿ ಒಬ್ಬಳೇ ಇದ್ದಾಳೆ, ಹೋಗಿ ಐದು ತಿಂಗಳಾಯಿತು. ಕಳೆದ ವಾರ ಅವಳಿಗೆ ಜ್ವರ ಬಂದಾಗ ಅಕ್ಕ ಫೋನಿನಲ್ಲಿ ಕೇಳಿದ ಮೊದಲ ಮಾತು, ಪಕ್ಕದ ಮನೆಯಲ್ಲಿ ಯಾರಿದ್ದಾರೆ ಎಂದು. ಅವಳಿಗೆ ಗೊತ್ತಿರಲಿಲ್ಲ. ಬಾಗಿಲ ಮುಂದೆ ಒಂದು ಜೊತೆ ಚಪ್ಪಲಿ ಇರುತ್ತದೆ, ಅಷ್ಟೇ ಎಂದಳಂತೆ. ಅಕ್ಕ ಫೋನಿಟ್ಟು ನಮ್ಮ ಮನೆಗೆ ಬಂದು ಕುಳಿತು, ನೀವು ಕನ್ನಡ ಪತ್ರಿಕೆಗೆ ಬರೆಯುತ್ತೀರಲ್ಲ, ಅಲ್ಲಿಯವರಿಗೆ ಒಂದು ಮಾತು ಬರೆಯಿರಿ ಎಂದರು.

ಬರೆದಿದ್ದೇನೆ. ಹೂಡಿಯಲ್ಲೋ, ಹೆಬ್ಬಾಳದಲ್ಲೋ, ಮೈಸೂರಿನಲ್ಲೋ ನಿಮ್ಮ ಎದುರು ಬಾಗಿಲಿಗೆ ಹೊಸದಾಗಿ ಯಾರಾದರೂ ಬಂದಿದ್ದರೆ, ಅವರ ಭಾಷೆ ನಿಮಗೆ ಬಾರದಿದ್ದರೂ, ಇವತ್ತು ಸಂಜೆ ಒಮ್ಮೆ ಬಾಗಿಲು ತಟ್ಟಿ ಹಾಲು ಇದೆಯಾ ಎಂದು ಕೇಳಿ.