ನಳಿಗೆಯ ಮೇಲಿನ ಹೆಸರು: ಪೆನ್ಸಿಲ್ವೇನಿಯಾದ ಕುಲುಮೆಗಳಲ್ಲಿ ಹುಟ್ಟಿದ ಉದ್ದಕೋವಿ

1971ರ ಅಕ್ಟೋಬರ್‌ನಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ವ್ಯಾಲಿ ಫೋರ್ಜ್‌ನಲ್ಲಿ, ಪ್ರದರ್ಶನಕ್ಕಿಟ್ಟ ಗಾಜಿನ ಪೆಟ್ಟಿಗೆಯೊಳಗಿಂದ ಒಂದು ಕೋವಿ ಕಳವಾಯಿತು. ನಾಲ್ಕು ದಶಕ ದಾಟಿದರೂ ಅದರ ಸುಳಿವಿರಲಿಲ್ಲ. ಕೊನೆಗೆ 2018ರಲ್ಲಿ ಅದು ಸಿಕ್ಕಿತು. ಗುರುತು ನಳಿಗೆಯ ಮೇಲೇ ಇತ್ತು. ಮಾಡಿದವನು ನಳಿಗೆಯ ಮೇಲೆ ತನ್ನ ಹೆಸರನ್ನೂ 1775 ಎಂಬ ಇಸವಿಯನ್ನೂ ಕೊರೆದಿದ್ದ. ಹೆಸರು ಕ್ರಿಶ್ಚಿಯನ್ ಓರ್ಟರ್. ನಜರೆತ್ ಊರಿನ ಬಳಿಯ ಕ್ರಿಶ್ಚಿಯನ್ಸ್ ಸ್ಪ್ರಿಂಗ್ ಎಂಬ ಸಣ್ಣ ವಸತಿಯಲ್ಲಿ ಅವನ ಕೋವಿಶಾಲೆ ಇತ್ತು.

ಅಮೆರಿಕದ ಉದ್ದಕೋವಿಯ ಚರಿತ್ರೆ ಬಹುಮಟ್ಟಿಗೆ ಇಂಥ ಹೆಸರುಗಳಿಂದಲೇ ಕಟ್ಟಿದ್ದು. ನಳಿಗೆಯ ಮೇಲಿನ ಸಹಿ, ತೆರಿಗೆ ಪಟ್ಟಿಯಲ್ಲಿ ಕಸುಬಿನ ಮುಂದೆ ಬರೆದ ಒಂದು ಪದ, ಸತ್ತ ಮೇಲೆ ಮನೆಯ ಸಾಮಾನು ಲೆಕ್ಕ ಹಾಕಿದ ಕಾಗದ, ಶಿಷ್ಯನನ್ನು ಒಪ್ಪಿಸಿದ ಕರಾರುಪತ್ರ. ಈ ಚೂರುಗಳನ್ನು ಜೋಡಿಸಿ ಬರೆದ ಕಥೆಯಲ್ಲಿ ಒಬ್ಬ ನಾಯಕ ಮತ್ತೆ ಮತ್ತೆ ಬರುತ್ತಾನೆ: ಕಾಡಂಚಿನ ಗುಡಿಸಲಲ್ಲಿ ಕುಳಿತು ಕಬ್ಬಿಣ ಕಾಯಿಸಿ, ಮರ ಕೆತ್ತಿ, ಹಿತ್ತಾಳೆ ಎರೆದು ಇಡೀ ಕೋವಿಯನ್ನು ಒಬ್ಬನೇ ಮಾಡಿ ಮುಗಿಸುವ ಕುಶಲಿ. ಈತ 18ನೇ ಶತಮಾನದಲ್ಲಿದ್ದದ್ದಕ್ಕಿಂತ ಹೆಚ್ಚಾಗಿ 20ನೇ ಶತಮಾನದ ಕಲ್ಪನೆಯಲ್ಲಿದ್ದಾನೆ ಎಂಬುದು ಈ ಲೇಖನದ ವಾದ.

ಮೊದಲು ವಸ್ತುವಿನ ಪರಿಚಯ. ನಾವು ಕೋವಿ, ಬಂದೂಕು, ರೈಫಲ್ ಎಂಬ ಮೂರನ್ನೂ ಒಂದೇ ಎಂಬಂತೆ ಆಡುತ್ತೇವೆ. ರೈಫಲ್ ಎಂದರೆ ನಳಿಗೆಯ ಒಳಮೈಯಲ್ಲಿ ಸುರುಳಿಯಾಗಿ ಗೀರು ಹಾಕಿದ ಕೋವಿ. ಆ ಗೀರುಗಳು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರ ಕಳಿಸುತ್ತವೆ. ಮಸ್ಕೆಟ್ಟಿನ ಒಳಮೈ ನುಣುಪು. ಮಸ್ಕೆಟ್ಟಿನಿಂದ ನಿಮಿಷಕ್ಕೆ ಮೂರು ಈಡು ಹೊಡೆಯಬಹುದಿತ್ತು, ಗುರಿ ಮಾತ್ರ ಅಷ್ಟಕ್ಕಷ್ಟೆ. ರೈಫಲ್‌ಗೆ ಮದ್ದು ಸುರಿದು, ಎಣ್ಣೆ ಸವರಿದ ಬಟ್ಟೆಯ ತುಂಡಿನಲ್ಲಿ ಸುತ್ತಿದ ಸೀಸದ ಗುಂಡನ್ನು ಗಜಕೋಲಿನಿಂದ ತಳ್ಳಿ ಸಿದ್ಧವಾಗುವಷ್ಟರಲ್ಲಿ ಒಂದು ನಿಮಿಷವೇ ಹೋಗಬಹುದು. ಆದರೆ 200 ಗಜ ದೂರದಲ್ಲಿ ನಿಂತವನೂ ಸುರಕ್ಷಿತನಲ್ಲ.

18ನೇ ಶತಮಾನದ ಮೊದಲ ದಶಕಗಳಲ್ಲಿ ಜರ್ಮನ್ ಮಾತಾಡುವ ವಲಸಿಗರು ತಮ್ಮ ನಾಡಿನ ಯೇಗರ್ ಬೇಟೆಕೋವಿಯನ್ನು ಪೆನ್ಸಿಲ್ವೇನಿಯಾಕ್ಕೆ ತಂದರು. ಅದು ಗಿಡ್ಡ, ದಪ್ಪ. ನಳಿಗೆ ಸುಮಾರು 30 ಅಂಗುಲ. ಲ್ಯಾಂಕಾಸ್ಟರ್, ಬರ್ಕ್ಸ್, ಯಾರ್ಕ್ ಕೌಂಟಿಗಳ ಕುಲುಮೆಗಳಲ್ಲಿ ಎರಡು ತಲೆಮಾರು ಕಳೆಯುವಷ್ಟರಲ್ಲಿ ಅದೇ ಕೋವಿ ತೆಳ್ಳಗಾಗಿ, ನಳಿಗೆ 40 ಅಂಗುಲ ದಾಟಿ, ರಂಧ್ರ ಕಿರಿದಾಯಿತು. ಕಿರಿದಾದ ರಂಧ್ರಕ್ಕೆ ಸೀಸ ಕಡಿಮೆ ಸಾಕು. ವಾರಗಟ್ಟಲೆ ಕಾಡಿನಲ್ಲಿರುವವನಿಗೆ ಅದು ದೊಡ್ಡ ಉಳಿತಾಯ. ಹಿಡಿಗೆ ಅಲ್ಲೇ ಬೆಳೆಯುವ, ಅಲೆಅಲೆಯಾದ ಎಳೆಗಳಿರುವ ಮೇಪಲ್ ಮರ ಬಂತು. ಹಿಡಿಯ ಬಲಮಗ್ಗುಲಲ್ಲಿ ಬಟ್ಟೆಯ ತುಂಡುಗಳನ್ನಿಡುವ ಗೂಡು. ಮೊದಲು ಅದಕ್ಕೆ ಜಾರುವ ಮರದ ಮುಚ್ಚಳ, ಮುಂದೆ ಕೀಲಿನ ಮೇಲೆ ತೆರೆಯುವ ಹಿತ್ತಾಳೆ ಮುಚ್ಚಳ. ಆ ಮುಚ್ಚಳದ ಬಳ್ಳಿ ಕೆತ್ತನೆ ನೋಡಿಯೇ ಇಂದಿನ ತಜ್ಞರು ಇದು ಲ್ಯಾಂಕಾಸ್ಟರಿನದು, ಇದು ರೆಡಿಂಗಿನದು ಎಂದು ಹೇಳಬಲ್ಲರು.

ಇದನ್ನು ಮೊದಲು ಮಾಡಿದವನು ಯಾರು? ಲ್ಯಾಂಕಾಸ್ಟರ್ ಕೌಂಟಿಯಲ್ಲಿ ಮಾರ್ಟಿನ್ ಮೈಲಿನ್ ಎಂಬ ಸ್ವಿಸ್ ಮೂಲದ ವಲಸಿಗನ ಹೆಸರಿಗೆ ಒಂದು ಪುಟ್ಟ ಕಲ್ಲುಕಟ್ಟಡವಿದೆ. 1719ರ ಕೋವಿಶಾಲೆ, ಮೊದಲ ಉದ್ದಕೋವಿ ಇಲ್ಲೇ ಆಯಿತು ಎಂದು ಊರವರ ನಂಬಿಕೆ. ಮಿಲರ್ಸ್‌ವಿಲ್ ವಿಶ್ವವಿದ್ಯಾಲಯದ ಪುರಾತತ್ತ್ವಜ್ಞರು ಅಲ್ಲಿ ಅಗೆದು ನೋಡಿದಾಗ ಕಮ್ಮಾರಿಕೆಯ ಕುರುಹು ಬೇಕಾದಷ್ಟು ಸಿಕ್ಕಿತು, ಕೋವಿ ಮಾಡಿದ ಕುರುಹು ಸಿಗಲಿಲ್ಲ. ನೇಗಿಲ ಗುಳ, ಬಾಗಿಲ ಕೀಲು ಮಾಡುತ್ತಿದ್ದ ಕಮ್ಮಾರನನ್ನು ಊರು ಕೋವಿಯ ಬ್ರಹ್ಮನನ್ನಾಗಿಸಿತ್ತು. ನಮ್ಮಲ್ಲಿ ಪ್ರತಿ ಹಳೇ ಗುಡಿಯನ್ನೂ ಜಕಣಾಚಾರಿಯ ಹೆಸರಿಗೆ ಬರೆಯುವ ಚಾಳಿ ಇದೆಯಲ್ಲ, ಇದೂ ಹಾಗೆಯೇ.

ದಾಖಲೆ ಗಟ್ಟಿಯಾಗಿರುವುದು ಮೊರೇವಿಯನ್ನರದು. ಯುದ್ಧವನ್ನು ಒಪ್ಪದ ಈ ಕ್ರೈಸ್ತ ಪಂಥದವರು ಲೆಕ್ಕಪತ್ರದಲ್ಲಿ ಮಾತ್ರ ಬಹಳ ಬಿಗಿ. ಯಾವ ಕಸುಬಿನ ಮನೆಯಲ್ಲಿ ಎಷ್ಟು ಉಪಕರಣ, ಎಷ್ಟು ಅರ್ಧ ಮುಗಿದ ಕೆಲಸ ಎಂದು ದಾಸ್ತಾನು ಬರೆದಿಟ್ಟರು. ಕ್ರಿಶ್ಚಿಯನ್ಸ್ ಸ್ಪ್ರಿಂಗ್‌ನ ಕೋವಿಶಾಲೆಯನ್ನು 1763ರಲ್ಲಿ ಕಟ್ಟಿದರು. ಜರ್ಮನಿಯಲ್ಲಿ ಕಸುಬು ಕಲಿತು ಬಂದ ಆಂಡ್ರಿಯಾಸ್ ಆಲ್ಬ್ರೆಕ್ಟ್ ಅದರ ಮೊದಲ ಗುರು. 1766ರಲ್ಲಿ ಅವನ ಶಿಷ್ಯ ಓರ್ಟರ್ ಹೊಣೆ ಹೊತ್ತು 1777ರಲ್ಲಿ ಸಾಯುವವರೆಗೂ ನಡೆಸಿದ. ಅಹಿಂಸೆಯನ್ನು ನಂಬಿದವರು ಕೋವಿ ಮಾಡಿದ್ದು ವಿಪರ್ಯಾಸವೆನಿಸಬಹುದು. ಅವರ ದೃಷ್ಟಿಯಲ್ಲಿ ಅದು ಬೇಟೆಯ ಉಪಕರಣ. ಡೆಲವೇರ್ ಮೂಲನಿವಾಸಿಗಳ ಕೋವಿಗಳನ್ನೂ ಅವರು ದುರಸ್ತಿ ಮಾಡಿಕೊಡುತ್ತಿದ್ದರು.

ಇನ್ನು ಕೆಲಸದ ಜಾಗ. ಬಹುಪಾಲು ಕಡೆ ಅದು ಮನೆಯ ಪಕ್ಕದ ಒಂದು ಇಳಿಮಾಡು. ಒಂದು ಮೂಲೆಯಲ್ಲಿ ತಿದಿ, ಕುಲುಮೆ, ಅಡಿಗಲ್ಲು. ಬೆಳಕು ಬೀಳುವ ಕಿಟಕಿಯ ಕೆಳಗೆ ಮೇಜು, ಇಕ್ಕಳ, ಅರಗಳು. ಗೋಡೆಯುದ್ದಕ್ಕೆ ಗೀರು ಹಾಕುವ ಉದ್ದನೆಯ ಮಣೆ. ಅದರ ಮೇಲೆ ಸುರುಳಿ ಕೊರೆದ ಮರದ ದಿಂಡು. ಶಿಷ್ಯ ಅದರ ಹಿಡಿ ಹಿಡಿದು ಮುಂದೆ ನಡೆಯುತ್ತಾನೆ, ಹಿಂದೆ ನಡೆಯುತ್ತಾನೆ. ಒಂದು ಸಲಕ್ಕೆ ಏಳುವುದು ಕೂದಲೆಳೆಯಷ್ಟು ಕಬ್ಬಿಣದ ಹೊಟ್ಟು. ದಿನಗಟ್ಟಲೆ ಇದೇ ನಡಿಗೆ. ಕಸುಬು ಕಲಿಯಲು ಬಂದ ಹುಡುಗನಿಗೆ ಬಿಟ್ಟಿ ಊಟ ಸಿಗುತ್ತಿದ್ದದ್ದು ಈ ನಡಿಗೆಗೆ.

ಆದರೆ ಎಲ್ಲವೂ ಆ ಇಳಿಮಾಡಿನೊಳಗೇ ಆಗುತ್ತಿತ್ತೇ? ಇಲ್ಲ. ಬೆಂಕಿ ಹತ್ತಿಸುವ ಲಾಕ್, ಎಂದರೆ ಕುದುರೆ, ಸ್ಪ್ರಿಂಗು, ಉಕ್ಕಿನ ತಟ್ಟೆಗಳ ಕೂಟ, ಹೆಚ್ಚಾಗಿ ಕಡಲಾಚೆಯಿಂದ ಪೆಟ್ಟಿಗೆಗಟ್ಟಲೆ ಬರುತ್ತಿತ್ತು. ಪೆನ್ಸಿಲ್ವೇನಿಯಾದ ಎಷ್ಟೋ ‘ಅಪ್ಪಟ ದೇಶಿ’ ಕೋವಿಗಳ ಲಾಕ್ ಮೇಲೆ ಬರ್ಮಿಂಗ್‌ಹ್ಯಾಮ್‌ನ ಕೆಟ್‌ಲ್ಯಾಂಡ್ ಮನೆತನದ ಮುದ್ರೆ ಇದೆ. ನಳಿಗೆಗಳನ್ನು ರೆಡಿಂಗ್ ಬಳಿಯ ವಯೋಮಿಸಿಂಗ್ ಹೊಳೆಯಂಥ ಕಡೆ ನೀರಿನ ಗಿರಣಿಗಳಲ್ಲಿ ಕೊರೆದು ಮಾರುತ್ತಿದ್ದರು. ಲ್ಯಾಂಕಾಸ್ಟರ್‌ನ ಹೆಸರಾಂತ ಕೋವಿಗಾರರಾದ ವಿಲಿಯಂ ಹೆನ್ರಿ, ಮೈಂಜ್‌ನಲ್ಲಿ ಹುಟ್ಟಿ ಬಂದ ಜೇಕಬ್ ಡಿಕರ್ಟ್ ಇವರೆಲ್ಲ ಶಿಷ್ಯರು, ಕೂಲಿಯವರು, ಬಿಡಿಭಾಗ ಕೊಡುವವರ ಜಾಲದ ನಡುವೆ ಕೂತವರು. ನಮ್ಮ ಪಾಂಚಾಳರ ಲೆಕ್ಕದಲ್ಲಿ ಹೇಳಬೇಕೆಂದರೆ ಒಂದು ಕೋವಿಗೆ ಕಮ್ಮಾರ, ಬಡಗಿ, ಕಂಚುಗಾರ, ಅಕ್ಕಸಾಲಿ ನಾಲ್ವರೂ ಬೇಕು. ಚಕಮಕಿ ಕಲ್ಲು ಒಡೆದು ರೂಪಿಸುವವನನ್ನು ಸೇರಿಸಿದರೆ ಐವರೂ ಆದರು! ನಳಿಗೆಯ ಮೇಲೆ ಕೊರೆದ ಹೆಸರು ಮಾತ್ರ ಒಬ್ಬನದು.

ಬ್ರಿಟನ್ ವಿರುದ್ಧ ಸ್ವಾತಂತ್ರ್ಯಯುದ್ಧ ಶುರುವಾದಾಗ, 1775ರ ಜೂನ್ 14ರಂದು, ಅಮೆರಿಕದ ವಸಾಹತುಗಳ ಕಾಂಟಿನೆಂಟಲ್ ಕಾಂಗ್ರೆಸ್ ಹತ್ತು ರೈಫಲ್ ತುಕಡಿಗಳಿಗೆ ಅನುಮತಿ ಕೊಟ್ಟಿತು: ಪೆನ್ಸಿಲ್ವೇನಿಯಾದಿಂದ ಆರು, ಮೇರಿಲ್ಯಾಂಡ್ ಮತ್ತು ವರ್ಜೀನಿಯಾಗಳಿಂದ ಎರಡೆರಡು. ರೈಫಲ್ ದೇಶ ಗೆದ್ದುಕೊಟ್ಟಿತು ಎಂಬ ಮಾತು ಇಲ್ಲಿಂದ ಹುಟ್ಟುತ್ತದೆ. ದಾಖಲೆ ಬೇರೆ ಹೇಳುತ್ತದೆ. ಸೈನ್ಯಕ್ಕೆ ಬೇಕಿದ್ದದ್ದು ಬಯೊನೆಟ್ ಸಿಕ್ಕಿಸಬಹುದಾದ ಮಸ್ಕೆಟ್. ಅದೇ ವರ್ಷದ ಕೊನೆಗೆ ಲ್ಯಾಂಕಾಸ್ಟರ್‌ನ ಸಮಿತಿ, ಮಸ್ಕೆಟ್ ಮಾಡಲು ಒಪ್ಪದ ಕೋವಿಗಾರರ ಉಪಕರಣಗಳನ್ನು ಕಿತ್ತುಕೊಳ್ಳುವುದಾಗಿ ಬೆದರಿಸಬೇಕಾಯಿತು. ರೈಫಲ್‌ನಲ್ಲಿ ಲಾಭ ಹೆಚ್ಚು. ದೇಶಪ್ರೇಮಕ್ಕೂ ಒಂದು ದರ ಇತ್ತು.

ಈ ಕಥೆಯಲ್ಲಿ ಮೈಸೂರಿನ ಹೆಸರು ಅನಿರೀಕ್ಷಿತವಾಗಿ ಬರುತ್ತದೆ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಪೆನ್ಸಿಲ್ವೇನಿಯಾದ ಒಂದು ಹಡಗು ತನಗಿಂತ ಬಲವಾದ ಬ್ರಿಟಿಷ್ ಯುದ್ಧನೌಕೆ ‘ಜನರಲ್ ಮಾಂಕ್’ ಅನ್ನು ಅರ್ಧ ಗಂಟೆಯೊಳಗೆ ಸೆರೆಹಿಡಿಯಿತು. ಹಡಗಿನ ಹೆಸರು ‘ಹೈದರ್ ಅಲಿ’. ಇಂಗ್ಲಿಷರ ಜೊತೆ ಅದೇ ಹೊತ್ತಿಗೆ ಕಾದಾಡುತ್ತಿದ್ದ ನಮ್ಮ ನವಾಬನ ಹೆಸರನ್ನೇ ಫಿಲಡೆಲ್ಫಿಯಾದವರು ಇಟ್ಟಿದ್ದರು. ಕಪ್ತಾನ ಜೋಶುವಾ ಬಾರ್ನಿಗೆ ಆಗ 22 ವರ್ಷ. ಅವನ ಹಡಗಿನಲ್ಲಿ ಬಕ್ಸ್ ಕೌಂಟಿಯ ರೈಫಲ್‌ಗಾರರಿದ್ದರು. ಶ್ರೀರಂಗಪಟ್ಟಣದ ದೊರೆಯ ಹೆಸರಿನ ಹಡಗಿನ ಮೇಲೆ ಪೆನ್ಸಿಲ್ವೇನಿಯಾದ ಗುರಿಕಾರರು!

ಉದ್ದಕೋವಿಯ ಬಗ್ಗೆ ಬರೆಯುವವರು ಮೇಪಲ್ ಮರದ ಎಳೆಗಳನ್ನು ಎಷ್ಟು ಬೇಕಾದರೂ ವರ್ಣಿಸುತ್ತಾರೆ, ಅದು ಯಾರ ಎದೆಗೆ ಗುರಿಯಿಟ್ಟಿತು ಎಂಬುದನ್ನು ಹೇಳುವುದು ಕಡಿಮೆ. 1763ರ ಡಿಸೆಂಬರ್‌ನಲ್ಲಿ, ಇದೇ ಕೋವಿಗಾರರ ಊರಾದ ಲ್ಯಾಂಕಾಸ್ಟರ್‌ನಲ್ಲಿ, ರಕ್ಷಣೆಗೆಂದು ಇರಿಸಿದ್ದ 14 ಮಂದಿ ಕಾನೆಸ್ಟೋಗ ಮೂಲನಿವಾಸಿಗಳನ್ನು ಗಡಿನಾಡಿನ ಬಿಳಿಯರ ಗುಂಪೊಂದು ನುಗ್ಗಿ ಕೊಂದಿತು. ಅದಕ್ಕೂ ಮುಂಚೆ ಅವರ ಹಳ್ಳಿಯಲ್ಲೇ ಆರು ಮಂದಿಯನ್ನು ಮುಗಿಸಿತ್ತು. ಕುಶಲಕಲೆಯ ಚರಿತ್ರೆ ಈ ಪುಟವನ್ನು ಹಾರಿಸುವಂತಿಲ್ಲ.

19ನೇ ಶತಮಾನದಲ್ಲಿ ಕಸುಬು ಕರಗಿದ ಬಗೆ ಎಲ್ಲ ಕಡೆಯಂಥದೇ. ಚಕಮಕಿಯ ಬದಲು ಕೇಪು ಬಂತು; 1834ರ ಹೊತ್ತಿಗೆ ಲ್ಯಾಂಕಾಸ್ಟರ್‌ನಲ್ಲೇ ಹೆನ್ರಿ ಲೆಮನ್ ಕಾರ್ಖಾನೆ ಮಾದರಿಯ ತಯಾರಿಕೆ ಶುರುಮಾಡಿದ. ಅಪಲೇಶಿಯನ್ ಬೆಟ್ಟಗಳ ಕೆಲವು ಮನೆಗಳಲ್ಲಷ್ಟೇ ಹಳೇ ಮಣೆ, ಹಳೇ ದಿಂಡು ಉಳಿದವು. ಟೆನೆಸಿಯ ಹ್ಯಾಕರ್ ಮಾರ್ಟಿನ್ ಹಿಟ್ಟಿನ ಗಿರಣಿ ನಡೆಸುತ್ತಲೇ 20ನೇ ಶತಮಾನದ ಮಧ್ಯದವರೆಗೂ ಚಕಮಕಿ ಕೋವಿ ಮಾಡುತ್ತಿದ್ದ.

ಮರುಹುಟ್ಟು ಪುಸ್ತಕಗಳಿಂದ ಆಯಿತು ಎನ್ನಬೇಕು. 1924ರಲ್ಲಿ ಜಾನ್ ಡಿಲಿನ್‌ನ ‘ದಿ ಕೆಂಟಕಿ ರೈಫಲ್’ ಬಂತು. ಪೆನ್ಸಿಲ್ವೇನಿಯಾದ ವಸ್ತುವಿಗೆ ಕೆಂಟಕಿಯ ಹೆಸರು ಅದಕ್ಕೆ ನೂರು ವರ್ಷ ಮೊದಲೇ ಅಂಟಿಕೊಂಡಿತ್ತು. 1815ರ ನ್ಯೂ ಆರ್ಲಿಯನ್ಸ್ ಕದನದ ನಂತರ ಜನಪ್ರಿಯವಾದ ಹಾಡೊಂದರ ಪ್ರಭಾವ ಅದು. 1933ರಲ್ಲಿ ನಳಿಗೆಯ ಬಾಯಿಂದ ಮದ್ದುಗುಂಡು ತುಂಬುವ ಕೋವಿಗಳ ರಾಷ್ಟ್ರೀಯ ಸಂಘ ಹುಟ್ಟಿತು. 1960ರಲ್ಲಿ ಜೋ ಕಿಂಡಿಗ್ ತನ್ನ ಪುಸ್ತಕದಲ್ಲಿ ನೂರಾರು ಕೋವಿಗಳನ್ನು ಊರುವಾರು ವಿಂಗಡಿಸಿದ. ಅದೇ ದಶಕದಲ್ಲಿ ವಾಲೇಸ್ ಗಸ್ಲರ್ ಎಂಬ ಯುವಕ ಕಲೋನಿಯಲ್ ವಿಲಿಯಮ್ಸ್‌ಬರ್ಗ್‌ನ ಕುಲುಮೆಯಲ್ಲಿ ಲಾಕ್, ನಳಿಗೆ, ಹಿಡಿ, ತಿರುಪು ಎಲ್ಲವನ್ನೂ 18ನೇ ಶತಮಾನದ ಉಪಕರಣಗಳಿಂದಲೇ ಮಾಡಿ ತೋರಿಸಿದ. 1969ರಲ್ಲಿ ಅದು ಚಲನಚಿತ್ರವಾಯಿತು. ಸಾವಿರಾರು ಮಂದಿ ತಮ್ಮ ಮನೆಯ ನೆಲಮಾಳಿಗೆಯಲ್ಲಿ, ಕಾರು ನಿಲ್ಲಿಸುವ ಕೊಟ್ಟಿಗೆಯಲ್ಲಿ, ಕೆಲವೊಮ್ಮೆ ಅಡುಗೆಮನೆಯ ಮೇಜಿನ ಮೇಲೆ ಕೆಲಸ ಹಚ್ಚಿಕೊಳ್ಳಲು ಈ ಚಿತ್ರವೂ 1979ರ ‘ಫಾಕ್ಸ್‌ಫೈರ್ 5’ ಪುಸ್ತಕವೂ ಪ್ರೇರಣೆ. ಕಾನೂನೂ ಅಡ್ಡಬರಲಿಲ್ಲ: 1968ರ ಅಮೆರಿಕನ್ ಕಾಯಿದೆ 1898ರ ಮತ್ತು ಅದಕ್ಕೂ ಹಿಂದಿನ ಕೋವಿಗಳನ್ನೂ ಚಕಮಕಿಯಂಥ ಹಳೇ ಬಗೆಯ ಪ್ರತಿಕೃತಿಗಳನ್ನೂ ಬಂದೂಕುಗಳ ವ್ಯಾಖ್ಯೆಯಿಂದ ಹೊರಗಿಟ್ಟಿತು.

ಗಸ್ಲರ್ ಮಾಡಿದ್ದನ್ನು ಓರ್ಟರ್ ಮಾಡಿದ್ದನೇ ಎಂದು ಕೇಳಿದರೆ, ಬಹುಶಃ ದಿನನಿತ್ಯ ಮಾಡಿರಲಾರ. ಕೊಳ್ಳಲು ಸಿಗುವ ತಿರುಪನ್ನು, ಹಡಗಿನಲ್ಲಿ ಬರುವ ಲಾಕನ್ನು ಕೈಯಲ್ಲಿ ಮಾಡುತ್ತ ಕೂರಲು ಹೊಟ್ಟೆಪಾಡಿನವನಿಗೆ ಪುರಸತ್ತೆಲ್ಲಿ? ಎಲ್ಲವನ್ನೂ ಒಬ್ಬನೇ ಮಾಡುವ ಹಟ, ಬೇರೆ ಸಂಬಳವಿರುವವನ ಭಾನುವಾರದ ಹಟ. ಅದು ಕೀಳೆಂದಲ್ಲ. ಹಳೇ ಕೈಚಳಕದ ಬಗ್ಗೆ ನಮಗೆ ತಿಳಿದಿರುವ ಬಹಳಷ್ಟು ಆ ಭಾನುವಾರಗಳಿಂದಲೇ ಬಂದಿದೆ.

ನಮ್ಮಲ್ಲಿ ಸ್ಥಿತಿ ತಿರುಗುಮುರುಗು. 1959ರ ಶಸ್ತ್ರಾಸ್ತ್ರ ಕಾಯಿದೆಯ ಪ್ರಕಾರ ಪರವಾನಗಿಯಿಲ್ಲದೆ ಕೋವಿ ಮಾಡುವುದು ಅಪರಾಧ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಇರುವ ವಿನಾಯಿತಿ, 2019ರಲ್ಲಿ ಇನ್ನೂ ಹತ್ತು ವರ್ಷಕ್ಕೆ ಮುಂದುವರಿದದ್ದು, ಕೋವಿ ಹೊಂದುವುದಕ್ಕೆ ಹೊರತು ಮಾಡುವುದಕ್ಕಲ್ಲ. ಹಾಗಾಗಿ ಇಲ್ಲಿ ಮರುಸೃಷ್ಟಿಯ ದಾರಿಯಿಲ್ಲ; ಇರುವುದು ಹಳೇ ವಸ್ತುಗಳು ಮಾತ್ರ. ಮಲೆನಾಡಿನ, ಕೊಡಗಿನ ಎಷ್ಟೋ ಮನೆಗಳಲ್ಲಿ ಅಜ್ಜನ ಕಾಲದ ಕೇಪಿನ ಕೋವಿಗಳಿವೆ. ಮುರಿದ ಕುದುರೆಗೆ ಹೊಸದು ಬಡಿದು ಕೂರಿಸಿದ, ಬಿರಿದ ಹಿಡಿಗೆ ಹಿತ್ತಾಳೆ ಪಟ್ಟಿ ಕಟ್ಟಿಕೊಟ್ಟ ಊರಿನ ಆಚಾರಿಯ ಹೆಸರು ಯಾವ ನಳಿಗೆಯ ಮೇಲೂ ಇರುವುದಿಲ್ಲ, ಮನೆಯ ಹಿರಿಯರ ಬಾಯಲ್ಲಿ ಮಾತ್ರ ಇರುತ್ತದೆ. ಚುನಾವಣೆಗಳ ಹೊತ್ತಿಗೆ ಆ ಕೋವಿಗಳಲ್ಲಿ ಹಲವು ಗೋಡೆಯಿಂದಿಳಿದು ಪೊಲೀಸ್ ಠಾಣೆಗೆ ಹೋಗಿ ಬರುತ್ತವೆ. ಮುಂದಿನ ಸಲ ಒಪ್ಪಿಸಲು ಕೊಂಡೊಯ್ಯುವ ಮೊದಲು ನಳಿಗೆಯ ಮೇಲಿನ ಮುದ್ರೆಯ, ಹಿಡಿಯ ತೇಪೆಯ ಒಂದು ಫೋಟೋ ತೆಗೆದಿಡಿ. ದುರಸ್ತಿ ಮಾಡಿದವರು ಯಾರೆಂದು ಅಜ್ಜಿಯನ್ನು ಕೇಳಿ, ಫೋಟೋದ ಹಿಂದೆ ಬರೆದಿಡಿ.