ಗಾಡಿಯ ಅಚ್ಚಿನಿಂದ ಹಿಮದ ಬಂಡಿಗೆ

ಪೋತ್ನಾಳದ ಕಡೆಯ ಎತ್ತಿನ ಗಾಡಿಗೂ ಕೆನಡಾದ ಹಿಮದ ಬಂಡಿಗೂ ಏನು ಸಂಬಂಧ? ಎಣ್ಣೆಯ ಸಂಬಂಧ! ಗಾಡಿಯ ಅಚ್ಚಿಗೆ ನಮ್ಮವರು ಹಚ್ಚುತ್ತಿದ್ದುದು ಹರಳೆಣ್ಣೆ. ಅದು ದಪ್ಪ, ಕಾದರೂ ಜಾರುಗುಣ ಬಿಡದು, ಪೆಟ್ರೋಲಿನಲ್ಲಿ ಸುಲಭವಾಗಿ ಕರಗದು. ಹಾಗಾಗಿಯೇ ಮೊದಲ ಮಹಾಯುದ್ಧದ ರೋಟರಿ ಎಂಜಿನ್ ವಿಮಾನಗಳಿಗೂ ಅದೇ ಬೇಕಾಯಿತು. 'ಕ್ಯಾಸ್ಟ್ರಾಲ್' ಹೆಸರು ಹುಟ್ಟಿದ್ದೂ 'ಕ್ಯಾಸ್ಟರ್', ಅಂದರೆ ಹರಳಿನಿಂದ.

1961ರಿಂದ ಮೈಸೂರಿನಲ್ಲಿ ತಯಾರಾದ ಜಾವಾ, ಟೂ-ಸ್ಟ್ರೋಕ್ ಬೈಕು. ಅದರಲ್ಲಿ ಎಣ್ಣೆ ಪೆಟ್ರೋಲಿನೊಂದಿಗೆ ಬೆರೆತು ಉರಿಯಬೇಕು. ಕಡಿಮೆಯಾದರೆ ಪಿಸ್ಟನ್ ಹಿಡಿದುಕೊಳ್ಳುತ್ತದೆ; ಹೆಚ್ಚಾದರೆ ಹೊಗೆ, ಮಸಿ. 1959ರಲ್ಲಿ ಕೆನಡಾದಲ್ಲಿ ಬಂದ 'ಸ್ಕೀ-ಡೂ' ಹಿಮದ ಬಂಡಿಗೂ ಮುಂದೆ ಇದೇ ಜಾತಿಯ ಎಂಜಿನ್ ಬಂತು. ಆದರೆ ಅಲ್ಲಿನ ಚಳಿಗೆ ಹರಳೆಣ್ಣೆ ಹೆಪ್ಪುಗಟ್ಟೀತು. ಕೊರೆವ ಚಳಿಯಲ್ಲೂ ಹರಿಯುವ ತೆಳು ಎಣ್ಣೆಯೇ ಬೇಕು. ಎಣ್ಣೆ ಆರಿಸುವುದು ಬೆಲೆ ನೋಡಿಯಲ್ಲ, ಎಂಜಿನ್ನನ್ನೂ ಹವೆಯನ್ನೂ ನೋಡಿ.