ಶಾಲೆಯ ಗೇಟಿನಲ್ಲಿ ಬಂದೂಕು



2023ರ ಡಿಸೆಂಬರ್ 1ರ ಬೆಳಿಗ್ಗೆ ಬೆಂಗಳೂರು ಮತ್ತು ಸುತ್ತಲಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಬೆದರಿಕೆಯ ಇ-ಮೇಲ್ ಬಂದದ್ದು ನಿಮಗೆ ನೆನಪಿರಬಹುದು. ಮಕ್ಕಳನ್ನು ತರಗತಿಗಳಿಂದ ಹೊರಗೆ ಕಳುಹಿಸಲಾಯಿತು. ಶ್ವಾನದಳ, ಬಾಂಬ್ ನಿಷ್ಕ್ರಿಯ ದಳಗಳು ಧಾವಿಸಿದವು. ತಂದೆತಾಯಿಯರು ಕೆಲಸ ಬಿಟ್ಟು ಓಡಿ ಬಂದರು. ಕೊನೆಗೆ ಎಲ್ಲವೂ ಹುಸಿಯೆಂದು ತಿಳಿಯಿತು. 2022ರ ಏಪ್ರಿಲ್ 8ರಂದು ಕೆಲವು ಶಾಲೆಗಳಿಗೆ ಇಂತಹುದೇ ಬೆದರಿಕೆ ಬಂದಿತ್ತು. 2025ರ ಜುಲೈ 18ರಂದು ಸುಮಾರು 40 ಶಾಲೆಗಳಿಗೆ ಮತ್ತೆ ಬಂದಿತು. ಅಂದಿನಿಂದ ನಮ್ಮ ಕುಮಾರಸ್ವಾಮಿ ಲೇಔಟಿನ ಪಾರ್ಕಿನಲ್ಲಿ, ಮೊಮ್ಮಕ್ಕಳನ್ನು ಶಾಲೆಯ ಬಸ್ಸು ಹತ್ತಿಸಿ ಬರುವ ಹಿರಿಯರ ನಡುವೆ ಒಂದು ಪ್ರಶ್ನೆ ಆಗಾಗ ಏಳುತ್ತದೆ: “ಬ್ಯಾಂಕಿಗೆ ಬಂದೂಕು ಹಿಡಿದ ಕಾವಲುಗಾರನಿದ್ದಾನೆ, ಶಾಲೆಗೆ ಏಕಿಲ್ಲ ಮೇಷ್ಟ್ರೇ?”

ಪ್ರಶ್ನೆ ಹಗುರವಾದುದಲ್ಲ. ಕೇಳುವವರ ಭಯವೂ ನಿಜವಾದುದೇ. ಇತಿಹಾಸದ ಮೇಷ್ಟ್ರಾಗಿದ್ದವನು ನಾನು. ಆದುದರಿಂದ ಇತಿಹಾಸದ ದಾರಿಯಿಂದಲೇ ಉತ್ತರವನ್ನು ಹುಡುಕುತ್ತೇನೆ.

ನಮ್ಮ ನಾಡಿನಲ್ಲಿ ಶಾಲೆಗೂ ಪೊಲೀಸರಿಗೂ ಇದ್ದ ಹಳೆಯ ಸಂಬಂಧ ಮಕ್ಕಳ ರಕ್ಷಣೆಯದಲ್ಲ. 1928ರಲ್ಲಿ ಬೆಂಗಳೂರಿನ ಸುಲ್ತಾನ್‌ಪೇಟೆಯ ಸರ್ಕಾರಿ ಶಾಲೆಯ ಆವರಣದಲ್ಲಿದ್ದ ಗಣಪತಿ ವಿಗ್ರಹದ ವಿಚಾರವಾಗಿ ವಿವಾದವೆದ್ದಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಗಲಭೆಯಾಯಿತು. ಮಿರ್ಜಾ ಇಸ್ಮಾಯಿಲರು ದಿವಾನರಾಗಿದ್ದ ಕಾಲವದು. ವಿಚಾರಣೆಗೆ ಸರ್ ಎಂ. ವಿಶ್ವೇಶ್ವರಯ್ಯನವರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಕವಾಯಿತು. 1947ರ ಸೆಪ್ಟೆಂಬರಿನಲ್ಲಿ, ‘ಮೈಸೂರು ಚಲೋ’ ಚಳವಳಿಯ ಕಾಲದಲ್ಲಿ, ರಾಮಸ್ವಾಮಿ ಎಂಬ ವಿದ್ಯಾರ್ಥಿ ಗುಂಡಿಗೆ ಬಲಿಯಾದನು. ಮೈಸೂರಿನ ರಾಮಸ್ವಾಮಿ ವೃತ್ತ ಅವನ ಹೆಸರನ್ನು ಇಂದಿಗೂ ಉಳಿಸಿದೆ. ಆ ಕಾಲದ ವಿದ್ಯಾರ್ಥಿಗೆ ಬಂದೂಕು ತನ್ನೆದುರು ನಿಂತ ವಸ್ತುವಾಗಿತ್ತೇ ಹೊರತು ತನ್ನನ್ನು ಕಾಯುವ ವಸ್ತುವಾಗಿರಲಿಲ್ಲ.

ಸ್ವಾತಂತ್ರ್ಯಾನಂತರ ಪೊಲೀಸರು ಶಾಲೆಗೆ ಎರಡು ಕಾರಣಗಳಿಗೆ ಬಂದರು. ಒಂದು ಚುನಾವಣೆ, ಇನ್ನೊಂದು ಪರೀಕ್ಷೆ. ಎಸ್‌ಎಸ್‌ಎಲ್‌ಸಿ ಪರೀಕ್ಷೆಯ ಕೆಲಸ ಮಾಡಿದ ಉಪಾಧ್ಯಾಯರಿಗೆಲ್ಲ ಈ ನೋಟ ಪರಿಚಿತ: ಖಜಾನೆಯಲ್ಲಿ ಪೊಲೀಸ್ ಪಹರೆಯಲ್ಲಿದ್ದ ಪ್ರಶ್ನೆಪತ್ರಿಕೆಯ ಬಂಡಲುಗಳು, ಪರೀಕ್ಷಾ ಕೇಂದ್ರದ ಸುತ್ತ 200 ಮೀಟರ್ ನಿಷೇಧಾಜ್ಞೆ, ಗೇಟಿನ ಬಳಿ ಪೇದೆ. ಮತಪೆಟ್ಟಿಗೆಗೆ ಕಾವಲಿತ್ತು, ಪ್ರಶ್ನೆಪತ್ರಿಕೆಗೆ ಕಾವಲಿತ್ತು. ಮಗುವಿಗೆ ಕಾವಲು ಬೇಕೆಂಬ ಯೋಚನೆ ಸರ್ಕಾರಕ್ಕಾಗಲಿ ಸಮಾಜಕ್ಕಾಗಲಿ ಗಂಭೀರವಾಗಿ ಬಂದಿರಲಿಲ್ಲ. ಗೇಟಿನ ಬಳಿ ಗಂಟೆ ಬಾರಿಸುವ ಜವಾನನೊಬ್ಬನಿದ್ದರೆ ಸಾಕಾಗಿತ್ತು.

ಆ ನಿಶ್ಚಿಂತೆ 2014ರಲ್ಲಿ ಒಡೆಯಿತು. ಆ ವರ್ಷದ ಜುಲೈ ತಿಂಗಳಲ್ಲಿ ಮಾರತ್ತಹಳ್ಳಿ ಬಳಿಯ ಖಾಸಗಿ ಶಾಲೆಯೊಂದರಲ್ಲಿ ಆರು ವರ್ಷದ ಬಾಲಕಿಯ ಮೇಲೆ ನಡೆದ ಅತ್ಯಾಚಾರದ ಪ್ರಕರಣ ಹೊರಬಿದ್ದಿತು. ಸಾವಿರಾರು ತಂದೆತಾಯಿಯರು ರಸ್ತೆಗೆ ಬಂದರು. ನಗರದ ಪೊಲೀಸ್ ಆಯುಕ್ತರು ಬದಲಾದರು. ಸಿಸಿಟಿವಿ, ಸಿಬ್ಬಂದಿಯ ಪೂರ್ವಾಪರ ಪರಿಶೀಲನೆ ಮೊದಲಾದವು ಶಾಲೆಗಳ ಮೇಲೆ ಕಡ್ಡಾಯವೆಂಬಂತೆ ಬಂದವು. ಆರೋಪಕ್ಕೆ ಗುರಿಯಾದವರು ಶಾಲೆಯ ಒಳಗಿನವರೇ ಎಂಬುದನ್ನು ಇಲ್ಲಿ ಗಮನಿಸಬೇಕು. 2015ರ ಮಾರ್ಚ್ 31ರ ರಾತ್ರಿ ಕಾಡುಗೋಡಿಯ ವಸತಿ ಪದವಿಪೂರ್ವ ಕಾಲೇಜೊಂದರಲ್ಲಿ ಗುಂಡು ಹಾರಿ ವಿದ್ಯಾರ್ಥಿನಿಯೊಬ್ಬಳು ಸತ್ತಳು, ಇನ್ನೊಬ್ಬಳು ಗಾಯಗೊಂಡಳು. ಆ ಪ್ರಕರಣದಲ್ಲಿ ಬಂಧಿತನಾದವನೂ ಸಂಸ್ಥೆಯ ನೌಕರನೇ. ಗೇಟಿನಲ್ಲಿ ಬಂದೂಕು ಹಿಡಿದು ಹೊರಗೆ ನೋಡುತ್ತ ನಿಂತವನಿಗೆ ಈ ಎರಡು ಅಪಾಯಗಳಲ್ಲಿ ಒಂದೂ ಕಾಣುತ್ತಿರಲಿಲ್ಲ. ಇ-ಮೇಲಿನಲ್ಲಿ ಬರುವ ಬೆದರಿಕೆಯಂತೂ ಗೇಟಿನ ಮೂಲಕ ಬರುವುದೇ ಇಲ್ಲ.

ಹೊರಗಿನ ಪ್ರಪಂಚದ ಅನುಭವವೇನು? ಅಮೆರಿಕದಲ್ಲಿ ಶಾಲೆಗಳಲ್ಲಿ ಸಶಸ್ತ್ರ ಅಧಿಕಾರಿಗಳನ್ನಿಡುವ ಪದ್ಧತಿ ದಶಕಗಳಷ್ಟು ಹಳೆಯದು. 1999ರ ಏಪ್ರಿಲ್ 20ರಂದು ಕೊಲಂಬೈನ್ ಶಾಲೆಯಲ್ಲಿ ಹತ್ಯಾಕಾಂಡ ನಡೆದಾಗ ಆ ಶಾಲೆಗೆ ನಿಯುಕ್ತನಾದ ಸಶಸ್ತ್ರ ಅಧಿಕಾರಿಯಿದ್ದನು. 2018ರ ಫೆಬ್ರವರಿ 14ರಂದು ಪಾರ್ಕ್‌ಲ್ಯಾಂಡಿನಲ್ಲಿ 17 ಮಂದಿ ಸತ್ತಾಗ ಅಲ್ಲಿನ ಅಧಿಕಾರಿ ಕಟ್ಟಡದ ಹೊರಗೇ ಉಳಿದನು. 2022ರ ಮೇ 24ರಂದು ಟೆಕ್ಸಾಸಿನ ಯುವಾಲ್ಡಿಯಲ್ಲಿ 19 ಮಕ್ಕಳು, ಇಬ್ಬರು ಶಿಕ್ಷಕಿಯರು ಹತರಾದರು. 376 ಅಧಿಕಾರಿಗಳು ಬಂದಿದ್ದರೂ ಹಂತಕನನ್ನು ಎದುರಿಸಲು 77 ನಿಮಿಷ ಹಿಡಿಯಿತು. ಆಯುಧವಿದ್ದ ಮಾತ್ರಕ್ಕೆ ರಕ್ಷಣೆಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದಾರುಣವಾದ ಸಾಕ್ಷ್ಯ ಬೇಡ.

ಆದರೆ ಒಂದೇ ಪಕ್ಷದ ವಾದವನ್ನು ಹೇಳಿ ಮುಗಿಸುವುದು ಮೇಷ್ಟ್ರಿಗೆ ಶೋಭಿಸದು. 2014ರ ಡಿಸೆಂಬರ್ 16ರಂದು ಪೇಶಾವರದ ಸೈನಿಕ ಶಾಲೆಯ ಮೇಲೆ ಉಗ್ರರು ನುಗ್ಗಿ 130ಕ್ಕೂ ಹೆಚ್ಚು ಮಕ್ಕಳನ್ನು ಕೊಂದರು. ಆ ಪ್ರಾಂತದ ಸರ್ಕಾರ ಅನಂತರ ಉಪಾಧ್ಯಾಯರಿಗೆ ಆಯುಧ ಒಯ್ಯಲು ಅನುಮತಿ ನೀಡಿತು. 2016ರ ಜನವರಿಯಲ್ಲಿ ಚಾರ್ಸದ್ದಾದ ಬಾಚಾ ಖಾನ್ ವಿಶ್ವವಿದ್ಯಾಲಯದ ಮೇಲೆ ದಾಳಿಯಾದಾಗ, ರಸಾಯನಶಾಸ್ತ್ರದ ಅಧ್ಯಾಪಕರೊಬ್ಬರು ತಮ್ಮ ಪಿಸ್ತೂಲಿನಿಂದ ಉಗ್ರರನ್ನು ಎದುರಿಸಿ, ವಿದ್ಯಾರ್ಥಿಗಳಿಗೆ ಓಡಲು ಅವಕಾಶ ಮಾಡಿಕೊಟ್ಟು, ತಾವು ಪ್ರಾಣ ಬಿಟ್ಟರು. ಆ ಮಹನೀಯರ ಮುಂದೆ ತಲೆಬಾಗುತ್ತೇನೆ. ಯುದ್ಧದ ನೆರಳಿನಲ್ಲಿರುವ ಊರಿಗೆ ಅಂತಹ ಕಾವಲು ಅನಿವಾರ್ಯವಾಗಬಹುದು. ಬೆಂಗಳೂರು ಅಂತಹ ಊರಲ್ಲ. ಬೇರೊಂದು ಊರಿನ ರೋಗಕ್ಕೆ ಕೊಟ್ಟ ಔಷಧಿಯನ್ನು ನಮ್ಮ ಮಕ್ಕಳಿಗೆ ಕುಡಿಸುವ ಮೊದಲು ನಮ್ಮ ರೋಗ ಯಾವುದೆಂದು ತಿಳಿಯಬೇಕು.

ಬ್ಯಾಂಕಿನ ಹೋಲಿಕೆ ತಪ್ಪುವುದೂ ಇಲ್ಲಿಯೇ. ಪೆಟ್ಟಿಗೆಯಲ್ಲಿರುವ ಹಣಕ್ಕೆ ಕಾವಲುಗಾರನ ಭಯವಿಲ್ಲ, ಮಗುವಿಗೆ ಇದೆ. ದಿನವೂ ಬಂದೂಕಿನ ಪಕ್ಕದಲ್ಲಿಯೇ ಹಾದುಹೋಗುವ ಏಳು ವರ್ಷದ ಮಗು ಶಾಲೆಯೆಂದರೆ ಅಪಾಯದ ಸ್ಥಳವೆಂದು ಕಲಿಯುತ್ತದೆ. ನಾವು ಕಲಿಸಿದ ಪಾಠಗಳು ಮರೆತುಹೋಗಬಹುದು, ಅಂತಹ ಪಾಠ ಮರೆಯುವುದಿಲ್ಲ.

ಹಾಗಾದರೆ ಏನೂ ಬೇಡವೇ? ಬೇಕು. 2004ರ ಜುಲೈ 16ರಂದು ತಮಿಳುನಾಡಿನ ಕುಂಭಕೋಣದ ಶಾಲೆಯಲ್ಲಿ ಬೆಂಕಿಗೆ 94 ಮಕ್ಕಳು ಬಲಿಯಾದರು. ಆ ದುರಂತದ ಹಿನ್ನೆಲೆಯಲ್ಲಿ 2009ರಲ್ಲಿ ಸುಪ್ರೀಂ ಕೋರ್ಟು, ಶಿಕ್ಷಣದ ಹಕ್ಕಿನಲ್ಲಿ ಸುರಕ್ಷಿತ ಶಾಲೆಯ ಹಕ್ಕೂ ಅಡಗಿದೆಯೆಂದು ತೀರ್ಪಿತ್ತಿತು. ಅಗ್ನಿಶಾಮಕ ಸಾಧನವಿದೆಯೇ, ಅದನ್ನು ಬಳಸಲು ಯಾರಿಗೆ ಗೊತ್ತಿದೆ, ಮೆಟ್ಟಿಲು ಅಗಲವಾಗಿದೆಯೇ, ತುರ್ತು ಬಾಗಿಲಿಗೆ ಬೀಗವಿದೆಯೇ ಎಂಬ ಪ್ರಶ್ನೆಗಳು ಬಂದೂಕಿನ ಪ್ರಶ್ನೆಗಿಂತ ಮೊದಲು ಬರಬೇಕಾದವು. 2012ರ ಪೋಕ್ಸೋ ಕಾಯಿದೆ ಇದೆ, 1098 ಎಂಬ ಮಕ್ಕಳ ಸಹಾಯವಾಣಿ ಇದೆ. ಆದರೆ ಮಗು ಮೊದಲು ಹೇಳಿಕೊಳ್ಳುವುದು ಸಹಾಯವಾಣಿಗಲ್ಲ. ತಾನು ನಂಬಿದ ಟೀಚರಿಗೆ, ಆಯಮ್ಮನಿಗೆ, ಅಜ್ಜಿಗೆ. ಆ ಮಾತನ್ನು ಕೇಳುವ ವ್ಯವಧಾನ ಅವರಿಗಿರಬೇಕು. ಅರವತ್ತು ಎಪ್ಪತ್ತು ಮಕ್ಕಳ ತರಗತಿಯಲ್ಲಿ ಮಂಕಾಗಿ ಕುಳಿತ ಒಂದು ಮಗುವಿನ ಮುಖವನ್ನು ಗುರುತಿಸುವುದು ಎಷ್ಟು ಕಷ್ಟವೆಂದು ಮೇಷ್ಟ್ರಾಗಿದ್ದ ನನಗೆ ಗೊತ್ತು. ಬಂದೂಕುಧಾರಿಯ ಸಂಬಳಕ್ಕೆ ಹಣವಿರುವ ಶಾಲೆ, ಆ ಹಣದಲ್ಲಿ ಇನ್ನೊಬ್ಬ ಉಪಾಧ್ಯಾಯರನ್ನೋ ಆಪ್ತಸಮಾಲೋಚಕರನ್ನೋ ನೇಮಿಸಿಕೊಳ್ಳಲಿ.

ನಿಮ್ಮಲ್ಲಿ ಅನೇಕರು ಈಗ ತಂದೆತಾಯಿಯರಾಗಿದ್ದೀರಿ, ಕೆಲವರು ಶಾಲೆಗಳ ಆಡಳಿತ ಮಂಡಳಿಯಲ್ಲಿಯೂ ಇದ್ದೀರಿ. ಮುಂದಿನ ಪೋಷಕರ ಸಭೆಯಲ್ಲಿ ಗೇಟಿನ ಕಾವಲುಗಾರನ ಕೈಯಲ್ಲಿ ಏನಿದೆಯೆಂದು ಕೇಳುವುದಕ್ಕೆ ಮೊದಲು, ಅವನಿಗೆ ಎಷ್ಟು ಮಕ್ಕಳ ಹೆಸರು ಗೊತ್ತೆಂದು ಕೇಳಿರಿ. ಶಾಲೆ ಕೊಡುವ ಉತ್ತರವನ್ನು ನನಗೂ ತಿಳಿಸಿರಿ.